ನ್ಯೂ ಲ್ಯಾನಾರ್ಕ್‌ನ ಗಿರಣಿ, ಅಂಗಡಿ, ವಠಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕಾಟ್ಲೆಂಡಿಗೆ ಬಂದ ಕನ್ನಡಿಗರು ಕೋಟೆ, ಸರೋವರ ಎಲ್ಲ ನೋಡಿ ಮುಗಿಸಿದ ಮೇಲೆ ಯಾರಾದರೊಬ್ಬರು ನ್ಯೂ ಲ್ಯಾನಾರ್ಕ್‌ಗೆ ಕರೆದುಕೊಂಡು ಹೋಗುತ್ತಾರೆ. ವಾಪಸ್ ಬರುವಾಗ ರೈಲಿನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವುಗಳಲ್ಲಿ ಮುಕ್ಕಾಲು ಪಾಲು ಅಲ್ಲಿನ ಹತ್ತಿ ನೂಲಿನ ಗಿರಣಿಯ ಮಾಲೀಕನಾಗಿದ್ದ ರಾಬರ್ಟ್ ಓವೆನ್ ಎಂಬ ಒಬ್ಬನ ಸುತ್ತಲೇ ಗಿರಕಿ ಹೊಡೆಯುತ್ತವೆ. ಅವನು ಇಲ್ಲಿ ಇದ್ದದ್ದು 25 ವರ್ಷ, ಗಿರಣಿ ಓಡಿದ್ದು 182 ವರ್ಷ. ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಮುಂದಕ್ಕೆ ಓದಿ.

ನ್ಯೂ ಲ್ಯಾನಾರ್ಕ್ ಎಲ್ಲಿದೆ? ಇದು ಹಳ್ಳಿಯೋ, ಕಾರ್ಖಾನೆಯೋ?

ಗ್ಲ್ಯಾಸ್ಗೋದಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್, ಕ್ಲೈಡ್ ನದಿಯ ದಡದಲ್ಲಿ. ಲ್ಯಾನಾರ್ಕ್ ಎನ್ನುವುದು ಮೇಲಿನ ಹಳೆಯ ಪೇಟೆ ಊರು. ಅಲ್ಲಿಂದ ಎರಡು ಕಿಲೋಮೀಟರ್ ಇಳಿಜಾರು ಇಳಿದರೆ ಕಣಿವೆಯ ತಳದಲ್ಲಿ 'ಹೊಸ' ಲ್ಯಾನಾರ್ಕ್. ಹೊಸದು ಅಂದರೂ ವಯಸ್ಸು ಸುಮಾರು 240.

ಹಳ್ಳಿ ಅಂದರೆ ನಮ್ಮ ಕಣ್ಣಿಗೆ ಬರುವ ಹೊಲ, ದನ, ಹೆಂಚಿನ ಮನೆ ಇಲ್ಲಿಲ್ಲ. ಗಿರಣಿಗಾಗಿ, ಗಿರಣಿಯವರೇ ಕಟ್ಟಿಸಿದ ಊರಿದು. ನದಿಯ ಬದಿಗೆ ಕಲ್ಲಿನ ಎತ್ತರದ ಗಿರಣಿಗಳು, ಗುಡ್ಡದ ಬದಿಗೆ ಸಾಲು ವಠಾರಗಳು, ನಡುವೆ ಒಂದು ರಸ್ತೆ. ಅಂಗಡಿ, ಶಾಲೆ, ಲೆಕ್ಕಪತ್ರದ ಕಚೇರಿ, ಮಾಲೀಕನ ಮನೆ ಎಲ್ಲ ಒಂದು ಕೂಗಳತೆಯಲ್ಲಿ. ಮಾಲೀಕ ಕಿಟಕಿ ತೆರೆದರೆ ಗಿರಣಿಯ ಬಾಗಿಲು ಕಾಣುತ್ತಿತ್ತು. ಕೆಲಸದವರ ಕಿಟಕಿಯಿಂದಲೂ ಕಾಣುತ್ತಿದ್ದದ್ದು ಅದೇ ಬಾಗಿಲು.

ಇಂಥ ಕಮರಿಯಲ್ಲಿ ಯಾಕೆ ಕಟ್ಟಿದರು?

ನೀರಿಗಾಗಿ. ಕ್ಲೈಡ್ ಇಲ್ಲಿ ಮೇಲಿಂದ ಮೇಲೆ ಧುಮುಕುತ್ತದೆ: ಬಾನಿಂಗ್ಟನ್ ಲಿನ್, ಕೋರಾ ಲಿನ್, ಡಂಡಾಫ್ ಲಿನ್. 'ಲಿನ್' ಅಂದರೆ ಅಲ್ಲಿನ ಮಾತಿನಲ್ಲಿ ಅಬ್ಬಿ. ಕೋರಾ ಲಿನ್ ಸುಮಾರು 26 ಮೀಟರ್ ಎತ್ತರ. ಉಗಿಯಂತ್ರ ಇನ್ನೂ ದುಬಾರಿಯಾಗಿದ್ದ ಕಾಲವದು. ನೂಲುವ ಯಂತ್ರ ತಿರುಗಬೇಕಾದರೆ ಜಲಚಕ್ರ ತಿರುಗಬೇಕು, ಜಲಚಕ್ರಕ್ಕೆ ನೀರು ಮೇಲಿಂದ ಬೀಳಬೇಕು. ಬಂಡೆಯನ್ನು ಕೊರೆದು ಸುರಂಗ ಮಾಡಿ ನದಿಯ ನೀರನ್ನು ನಾಲೆಗೆ ತಿರುಗಿಸಿದರು. ಆ ನಾಲೆ ಇವತ್ತಿಗೂ ವಠಾರ ಮತ್ತು ಗಿರಣಿಗಳ ನಡುವೆ ಹರಿಯುತ್ತಿದೆ.

ಜಾಗ ಬ್ರಾಕ್ಸ್‌ಫೀಲ್ಡ್ ಪ್ರಭು ಎಂಬ ನ್ಯಾಯಾಧೀಶನದು. ಆರೋಪಿಗಳನ್ನು ಗಲ್ಲಿಗೆ ಕಳಿಸುವುದರಲ್ಲಿ ಹೆಸರಾಗಿದ್ದ ಮನುಷ್ಯ. ಅವನ ಹೆಸರು ಈಗ ಊರಿನ ಒಂದು ವಠಾರದ ಸಾಲಿಗೆ ಅಂಟಿಕೊಂಡಿದೆ.

ಊರು ಕಟ್ಟಿಸಿದವನು ರಾಬರ್ಟ್ ಓವೆನ್ ತಾನೇ?

ಅಲ್ಲ. ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಅತಿ ಹೆಚ್ಚು ತಪ್ಪು ಉತ್ತರ ಸಿಗುವುದೂ ಇದಕ್ಕೇ.

ಕಟ್ಟಿಸಿದವನು ಡೇವಿಡ್ ಡೇಲ್. ಸ್ಟೂವರ್ಟನ್ ಎಂಬ ಊರಿನ ಕಿರಾಣಿ ಅಂಗಡಿಯವನ ಮಗ, 1739ರಲ್ಲಿ ಹುಟ್ಟಿದವನು. ಪೈಸ್ಲಿಯಲ್ಲಿ ನೇಯ್ಗೆ ಕಲಿತು, ಹಳ್ಳಿಹಳ್ಳಿ ತಿರುಗಿ ನಾರುಬಟ್ಟೆಯ ನೂಲು ಕೊಂಡು, ಆಮೇಲೆ ಗ್ಲ್ಯಾಸ್ಗೋದಲ್ಲಿ ದೊಡ್ಡ ವ್ಯಾಪಾರಿಯಾದ. 1783ರಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಗ್ಲ್ಯಾಸ್ಗೋಗೆ ಬಂದಾಗ ಅದರ ಮೊದಲ ಏಜೆಂಟರಲ್ಲಿ ಒಬ್ಬ. ಮರು ವರ್ಷ, 1784ರಲ್ಲಿ, ನೂಲುವ ಯಂತ್ರದಿಂದ ಹೆಸರು ಮಾಡಿದ್ದ ರಿಚರ್ಡ್ ಆರ್ಕ್‌ರೈಟ್‌ನನ್ನು ಕರೆತಂದು ಜಲಪಾತ ತೋರಿಸಿದ. ಆರ್ಕ್‌ರೈಟ್ ಕೂಡ ಹುಟ್ಟು ಶ್ರೀಮಂತನಲ್ಲ, ಕ್ಷೌರದ ಕಸುಬಿನಿಂದ ಮೇಲೆ ಬಂದವನು. ಇಬ್ಬರೂ ಸೇರಿ ಶುರು ಮಾಡಿದರು, ಆರ್ಕ್‌ರೈಟ್ ಬೇಗನೆ ಹೊರನಡೆದ. 1786ರಲ್ಲಿ ಮೊದಲ ಗಿರಣಿ ನೂಲು ತೆಗೆಯಿತು. 1788ರಲ್ಲಿ ಅದಕ್ಕೆ ಬೆಂಕಿ ಬಿತ್ತು. ಡೇಲ್ ಮರು ವರ್ಷವೇ ಮತ್ತೆ ಎಬ್ಬಿಸಿ ನಿಲ್ಲಿಸಿದ.

ಓವೆನ್ ಡೇಲ್‌ನ ಅಳಿಯ. ವೇಲ್ಸ್‌ನವನು, ಮ್ಯಾಂಚೆಸ್ಟರಿನಲ್ಲಿ ಗಿರಣಿ ಮ್ಯಾನೇಜರ್ ಆಗಿದ್ದವನು. 1799ರಲ್ಲಿ ತನ್ನ ಪಾಲುದಾರರ ಜೊತೆ 60,000 ಪೌಂಡಿಗೆ ಗಿರಣಿ ಕೊಂಡ. ಕಂತು ವರ್ಷಕ್ಕೆ 3,000 ಪೌಂಡ್, ಅವಧಿ 20 ವರ್ಷ. ಅದೇ ವರ್ಷ ಡೇಲ್‌ನ ಮಗಳು ಕ್ಯಾರೊಲಿನ್‌ಳನ್ನು ಮದುವೆಯಾದ. ವ್ಯಾಪಾರವೂ ಕುದುರಿತು, ಸಂಬಂಧವೂ ಕುದುರಿತು. 1800ರ ಜನವರಿಯಿಂದ ಆಡಳಿತ ಅವನ ಕೈಗೆ ಬಂತು.

ಮೊದಲು ಬಂದ ಕೆಲಸಗಾರರು ಯಾರು?

ಸುತ್ತಲಿನ ರೈತರು ಗಿರಣಿ ಅಂದರೆ ಮೂಗು ಮುರಿಯುತ್ತಿದ್ದರು. ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಕೂತು, ನಾಲ್ಕು ಗೋಡೆಯೊಳಗೆ ದಿನವಿಡೀ ದುಡಿಯುವುದು ಅವರಿಗೆ ಮರ್ಯಾದೆಯ ಕೆಲಸವಾಗಿ ಕಾಣಲಿಲ್ಲ. ಹಾಗಾಗಿ ಬಂದವರೆಲ್ಲ ದೂರದವರು, ದಿಕ್ಕಿಲ್ಲದವರು.

ಒಂದು ಗುಂಪು ಉತ್ತರದ ಬೆಟ್ಟನಾಡಿನ ಗೇಲಿಕ್ ಮಾತಿನ ಜನ. ಅಲ್ಲಿ ಜಮೀನುದಾರರಿಗೆ ಒಕ್ಕಲಿಗಿಂತ ಕುರಿ ಸಾಕುವುದು ಲಾಭ ಅನ್ನಿಸತೊಡಗಿದಾಗ, ಒಕ್ಕಲು ಎದ್ದು ಹೋಗಬೇಕಾಯಿತು. 1791ರಲ್ಲಿ ಸ್ಕೈ ದ್ವೀಪದಿಂದ ಸುಮಾರು 400 ಜನರನ್ನು ತುಂಬಿಕೊಂಡು ಅಮೆರಿಕದ ನಾರ್ತ್ ಕೆರೊಲಿನಾಗೆ ಹೊರಟ ಹಡಗೊಂದು ಬಿರುಗಾಳಿಗೆ ಸಿಕ್ಕಿ ಗ್ರೀನಾಕ್ ಬಂದರಿಗೆ ಮರಳಿತು. ಡೇಲ್ ಅಲ್ಲಿಗೆ ಮಾತು ಕಳಿಸಿದ: ಕೆಲಸ ಇದೆ, ಮನೆ ಇದೆ, ಇಷ್ಟವಿದ್ದವರು ಬನ್ನಿ. ನೂರರಷ್ಟು ಮಂದಿ ಬಂದರು. ಹಡಗಿನ ಹೆಸರು 'ಫಾರ್ಚೂನ್', ಅಂದರೆ ಅದೃಷ್ಟ. ಕಥೆಗಾರ ಇಟ್ಟಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು.

ಸ್ಕಾಟ್ಲೆಂಡಿನ ಉತ್ತರ ತುದಿಯ ಕೇತ್‌ನೆಸ್ ಕಡೆಯಿಂದ ಬಂದವರೂ ಇದ್ದರು. ಊರಿನ ಸಾಲುಮನೆಗಳಲ್ಲಿ ಒಂದಕ್ಕೆ ಈಗಲೂ ಕೇತ್‌ನೆಸ್ ರೋ ಎಂದೇ ಹೆಸರು. ಅಮೆರಿಕಕ್ಕೆ ಹೊರಟು ಕ್ಲೈಡ್ ಕಣಿವೆಯಲ್ಲಿ ನೆಲೆ ನಿಂತ ಈ ಜನರ ಬಗ್ಗೆ ಓವೆನ್ ಬಗ್ಗೆ ಬರೆದಷ್ಟು ಯಾರೂ ಬರೆದಿಲ್ಲ. ಊರಿನ ಹಿಂದಿನ ಗುಡ್ಡದ ಕಾಡಿನಲ್ಲಿ ಹಳೆಯ ಸ್ಮಶಾನವೊಂದಿದೆ. ಅಲ್ಲಿ ಮಲಗಿರುವವರು ಇವರೇ.

ಮಕ್ಕಳನ್ನು ದುಡಿಸಿಕೊಳ್ಳುತ್ತಿದ್ದರಂತೆ?

ಹೌದು. ಇದರಲ್ಲಿ ಮುಚ್ಚಿಡುವುದು ಏನೂ ಇಲ್ಲ. 1793ರ ಹೊತ್ತಿಗೆ ಗಿರಣಿಗಳಲ್ಲಿ 1,100ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು, ಅವರಲ್ಲಿ ಮೂರನೇ ಎರಡು ಪಾಲು ಮಕ್ಕಳು. ಕೆಲವರು ಊರಿನ ಸಂಸಾರಗಳವರು. ನೂರಾರು ಮಂದಿ ಎಡಿನ್‌ಬರೋ, ಗ್ಲ್ಯಾಸ್ಗೋಗಳ ಅನಾಥಾಲಯಗಳಿಂದ ಬಂದವರು. ಆರೇಳು ವರ್ಷದ ಕೂಸುಗಳೂ ಇದ್ದವು.

ಬೆಳಗ್ಗೆ 6ಕ್ಕೆ ಕೆಲಸ ಶುರು, ಸಂಜೆ 7ಕ್ಕೆ ಮುಗಿತಾಯ. ತಿಂಡಿಗೆ ಅರ್ಧ ಗಂಟೆ, ಊಟಕ್ಕೆ ಒಂದು ಗಂಟೆ ಬಿಡುವು. ಸಣ್ಣ ಕೈಗಳಿಗೆ ಕೊಡುತ್ತಿದ್ದ ಕೆಲಸ ಕಡಿದುಹೋದ ನೂಲಿನ ಎಳೆ ಜೋಡಿಸುವುದು, ಓಡುವ ಯಂತ್ರದ ಕೆಳಗೆ ತೂರಿ ಹತ್ತಿಯ ತೌಡು ಬಳಿಯುವುದು. ಸಂಜೆ 7ರಿಂದ 9ರವರೆಗೆ ಪಾಠ. ಹನ್ನೊಂದೂವರೆ ತಾಸು ದುಡಿದ ಮಗುವಿನ ತಲೆಗೆ ಆ ಹೊತ್ತಿನಲ್ಲಿ ಅಕ್ಷರ ಎಷ್ಟು ಹತ್ತೀತು, ನೀವೇ ಊಹಿಸಿಕೊಳ್ಳಿ.

ಆದರೂ ಆ ಕಾಲದವರು ಡೇಲ್‌ನನ್ನು ದಯಾವಂತ ಎಂದೇ ಕರೆದರು. ಬೇರೆ ಗಿರಣಿಗಳ ಜೊತೆ ತೂಗಿದರೆ ಅದು ಸುಳ್ಳಲ್ಲ. ಮೂವರಿಗೆ ಒಂದು ಹಾಸಿಗೆಯಾದರೂ ಕೋಣೆ ತೊಳೆದು ಸುಣ್ಣ ಬಳಿಯುತ್ತಿದ್ದರು, ಓಟ್ಸ್ ಗಂಜಿ, ಹಾಲು, ಬಾರ್ಲಿ ಸಾರು, ಆಲೂಗಡ್ಡೆ, ಆಗಾಗ ಮಾಂಸ ಸಿಗುತ್ತಿತ್ತು. ಮಕ್ಕಳು ಮಲಗುತ್ತಿದ್ದ ನಾಲ್ಕನೇ ಗಿರಣಿ 1883ರ ಬೆಂಕಿಯಲ್ಲಿ ಸುಟ್ಟುಹೋಯಿತು. ಅದನ್ನು ಮತ್ತೆ ಕಟ್ಟಲಿಲ್ಲ, ಆ ಜಾಗ ಈಗ ಬಯಲು. ನೋಡಲು ಬಂದವರು ಅದರ ಪಕ್ಕದಲ್ಲೇ ನಡೆದು ಹೋಗುತ್ತಾರೆ, ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ.

ಹತ್ತಿ ಎಲ್ಲಿಂದ ಬರುತ್ತಿತ್ತು?

ಸ್ಕಾಟ್ಲೆಂಡಿನಲ್ಲಿ ಹತ್ತಿ ಬೆಳೆಯುವುದಿಲ್ಲ. ಕೆರಿಬಿಯನ್ ದ್ವೀಪಗಳಿಂದ, ಆಮೇಲೆ ಹೆಚ್ಚಾಗಿ ಅಮೆರಿಕದಿಂದ ಬರುತ್ತಿತ್ತು. ಎರಡೂ ಕಡೆ ಅದನ್ನು ಬೆಳೆದು ಬಿಡಿಸುತ್ತಿದ್ದವರು ಗುಲಾಮರು. ಡೇಲ್ 1791ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಬೇಕೆಂದು ಹೋರಾಡಿದ ಗ್ಲ್ಯಾಸ್ಗೋ ಸಂಘದ ಅಧ್ಯಕ್ಷ. ಗುಲಾಮಗಿರಿ ಬೇಡ ಎಂದ ಮನುಷ್ಯನ ಗಿರಣಿಗೆ ಗುಲಾಮರ ಹತ್ತಿ. ಡೇಲ್ ಆಷಾಢಭೂತಿ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ಆ ಹತ್ತಿಯ ಕಥೆ ಬಿಟ್ಟು ಈ ಊರಿನ ಕಥೆ ಹೇಳಿದರೆ ಅರ್ಧ ಹೇಳಿದ ಹಾಗೆ.

ಓವೆನ್ ಬಂದ ಮೇಲೆ ನಿಜಕ್ಕೂ ಏನು ಬದಲಾಯಿತು?

ಅನಾಥ ಮಕ್ಕಳನ್ನು ತರಿಸುವುದು ನಿಲ್ಲಿಸಿದ. ಹತ್ತು ವರ್ಷದ ಒಳಗಿನವರನ್ನು ಕೆಲಸಕ್ಕೆ ಸೇರಿಸುವುದು ಬಿಟ್ಟ. ಕೆಲಸದ ಹೊತ್ತು 1816ರ ಹೊತ್ತಿಗೆ ದಿನಕ್ಕೆ ಹತ್ತೂಮುಕ್ಕಾಲು ಗಂಟೆಗೆ ಇಳಿಯಿತು. ದಿನಕ್ಕೆ ಎಂಟೇ ಗಂಟೆ ಕೆಲಸ ಎಂಬ ಘೋಷಣೆಯ ಜೊತೆ ಅವನ ಹೆಸರು ಸೇರಿಕೊಂಡಿದೆ, ಸರಿ. ಆದರೆ ನ್ಯೂ ಲ್ಯಾನಾರ್ಕ್‌ನಲ್ಲಿ ಎಂಟು ಗಂಟೆಯ ಕೆಲಸ ಯಾವತ್ತೂ ಇರಲಿಲ್ಲ. ಕೂಲಿಯ ಅರವತ್ತರಲ್ಲಿ ಒಂದು ಪಾಲು ಹಿಡಿದು ಕಾಯಿಲೆಯ ನಿಧಿ ಮಾಡಿದರು, ಉಳಿತಾಯದ ಬ್ಯಾಂಕೂ ಬಂತು.

ನೋಡಲು ಬಂದವರಿಗೆ ತುಂಬ ನೆನಪಿನಲ್ಲಿ ಉಳಿಯುವುದು ಮಾತ್ರ ಒಂದು ಮರದ ತುಂಡು. ಪ್ರತಿ ಕೆಲಸಗಾರನ ಹತ್ತಿರ ನಾಲ್ಕು ಮುಖದ ಕಟ್ಟಿಗೆಯ ಚೂರೊಂದು ತೂಗುತ್ತಿತ್ತು. ಒಂದೊಂದು ಮುಖಕ್ಕೆ ಒಂದೊಂದು ಬಣ್ಣ: ಕಪ್ಪು ಅಂದರೆ ಕೆಟ್ಟ ನಡತೆ, ನೀಲಿ ಅಂದರೆ ಅಷ್ಟಕ್ಕಷ್ಟೆ, ಹಳದಿ ಒಳ್ಳೆಯದು, ಬಿಳಿ ಬಹಳ ಒಳ್ಳೆಯದು. ನಿನ್ನೆಯ ಕೆಲಸ ನೋಡಿ ಮೇಸ್ತ್ರಿ ಇವತ್ತು ಬಣ್ಣ ತಿರುಗಿಸುತ್ತಿದ್ದ. ಅದಕ್ಕೆ 'ಮೌನ ಮೇಲ್ವಿಚಾರಕ' ಎಂದು ಹೆಸರು. ಪ್ರತಿಯೊಬ್ಬರ ಬಣ್ಣ ದಿನವೂ ಪುಸ್ತಕಕ್ಕೆ ಏರುತ್ತಿತ್ತು. ಅನ್ಯಾಯವಾಯಿತು ಅನ್ನಿಸಿದವರು ಓವೆನ್‌ಗೇ ದೂರು ಕೊಡಬಹುದಿತ್ತು. ಹೊಡೆತ, ಬೈಗುಳ ಇಲ್ಲದೆ ಶಿಸ್ತು ತಂದ ಎಂದು ಹೊಗಳುವವರಿದ್ದಾರೆ. ಅಕ್ಕಪಕ್ಕದವರೆಲ್ಲ ನೋಡುವ ಹಾಗೆ ಎದೆಮಟ್ಟಕ್ಕೆ ಕಪ್ಪು ಬಣ್ಣ ತೂಗಿಸಿಕೊಂಡು ದಿನವಿಡೀ ನಿಂತವಳನ್ನು ಕೇಳಿದ್ದರೆ ಏಟೇ ವಾಸಿ ಅನ್ನುತ್ತಿದ್ದಳೋ ಏನೋ.

ಊರಿನವರಿಗೆ ಅವನು ಇಷ್ಟವಾಗಿದ್ದನೇ?

ಮೊದಮೊದಲು ಇಲ್ಲ. ಹೊರಗಿನವನು, ಮಾತಿನ ಧಾಟಿಯೇ ಬೇರೆ, ಬಂದವನೇ ಅದು ಮಾಡಬೇಡಿ ಇದು ಮಾಡಬೇಡಿ ಅನ್ನುತ್ತಾನೆ. ಮನೆ ಮುಂದಿನ ತಿಪ್ಪೆ ತೆಗೆಸಿದ, ಬೀದಿ ಗುಡಿಸಬೇಕೆಂದ, ಚಳಿಗಾಲದಲ್ಲಿ ರಾತ್ರಿ ಹತ್ತೂವರೆಯ ಮೇಲೆ ಯಾರೂ ಹೊರಗೆ ಸುಳಿಯಬಾರದೆಂದ. ಮನೆ ಮನೆಯ ಒಳಗೆ ಹೋಗಿ ಚೊಕ್ಕಟ ಇದೆಯೇ ಎಂದು ತಪಾಸಣೆ ಮಾಡುವ ಸಮಿತಿಯೂ ಬಂತು. ಆ ಸಮಿತಿಯವರಿಗೆ ಊರಿನ ಹೆಂಗಸರು ಇಟ್ಟ ಅಡ್ಡಹೆಸರು 'ತಿಗಣೆ ಬೇಟೆಗಾರರು'. ಬಾಗಿಲು ತಟ್ಟಿದರೆ ತೆರೆಯದವರೂ ಇದ್ದರು. ನನ್ನ ಮಟ್ಟಿಗೆ ಈ ಊರಿನ ಇತಿಹಾಸದಲ್ಲಿ ಊರಿನವರದೇ ದನಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳುವುದು ಈ ಒಂದು ಅಡ್ಡಹೆಸರಿನಲ್ಲಿ.

ಮನಸ್ಸು ತಿರುಗಿದ್ದು ಅಮೆರಿಕ ತನ್ನ ಹಡಗುಗಳನ್ನು ತಡೆಹಿಡಿದು ಹತ್ತಿಯ ಬೆಲೆ ಗಗನಕ್ಕೇರಿದಾಗ. ಓವೆನ್ ಯಂತ್ರ ನಿಲ್ಲಿಸಿದ, ಕೂಲಿ ನಿಲ್ಲಿಸಲಿಲ್ಲ. ನಾಲ್ಕು ತಿಂಗಳು ಯಂತ್ರ ಒರೆಸಿ ಎಣ್ಣೆ ಹಾಕುವುದಷ್ಟೇ ಕೆಲಸ, ಕೈಗೆ ಪೂರ್ತಿ ಸಂಬಳ. ಅವನೇ ಬರೆದ ಲೆಕ್ಕದ ಪ್ರಕಾರ ಅದಕ್ಕೆ 7,000 ಪೌಂಡ್ ಹಿಡಿಯಿತು. ಅಲ್ಲಿಂದ ಮುಂದೆ ತನ್ನ ಮಾತು ನಡೆಯಿತು ಎನ್ನುತ್ತಾನೆ. ಭಾಷಣಕ್ಕಿಂತ ಸಂಬಳ ಹೆಚ್ಚು ಕೆಲಸ ಮಾಡಿತು.

ಊರಿನ ಅಂಗಡಿಗೆ ಅಷ್ಟು ಹೆಸರು ಯಾಕೆ? ಸಹಕಾರ ಚಳವಳಿ ಅಲ್ಲೇ ಹುಟ್ಟಿತು ಎನ್ನುವುದು ನಿಜವೇ?

ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ.

ಓವೆನ್ ಬರುವ ಮೊದಲು ಸಣ್ಣಪುಟ್ಟ ಅಂಗಡಿಯವರು ಕಳಪೆ ಮಾಲನ್ನು ದುಬಾರಿ ಬೆಲೆಗೆ ಉದ್ರಿ ಕೊಟ್ಟು ಮಾರುತ್ತಿದ್ದರು. ಉದ್ರಿಯ ಬಲೆ ನಮಗೇನು ಹೊಸದಲ್ಲ: ತಿಂಗಳ ಕೊನೆಗೆ ಸಂಬಳ ಬರುವಷ್ಟರಲ್ಲಿ ಅದು ಅಂಗಡಿಯವನ ಪುಸ್ತಕದಲ್ಲಿ ಕರಗಿ ಹೋಗಿರುತ್ತದೆ. ಓವೆನ್ ಗಿರಣಿಯ ಹೆಸರಿನಲ್ಲಿ ಅಂಗಡಿ ತೆರೆದ. ಓಟ್ಸ್ ಹಿಟ್ಟು, ಮಾಂಸ, ಕಲ್ಲಿದ್ದಲು, ಬಟ್ಟೆ, ವಿಸ್ಕಿ ಕೂಡ, ಎಲ್ಲವನ್ನೂ ಸಗಟಾಗಿ ಕೊಂಡು ತಂದು ಅಸಲಿಗಿಂತ ಸ್ವಲ್ಪವೇ ಹೆಚ್ಚಿಗೆ ಮಾರಿದರು. ಬಂದ ಲಾಭ ಶಾಲೆಯ ಖರ್ಚಿಗೆ. ಮಕ್ಕಳ ಶಾಲೆಯನ್ನು ತಾಯಂದಿರ ಸಂತೆಚೀಲವೇ ನಡೆಸಿತು ಅನ್ನಬಹುದು.

ಆ ಕಾಲದಲ್ಲಿ ದೇಶದಲ್ಲೇ ಚಿಲ್ಲರೆ ಬೆಳ್ಳಿ ನಾಣ್ಯಕ್ಕೆ ಬರ. ಗಿರಣಿಯವರು ಸ್ಪೇನ್ ದೇಶದ ಬೆಳ್ಳಿ ನಾಣ್ಯದ ಮೇಲೆ 'ಲ್ಯಾನಾರ್ಕ್ ಗಿರಣಿಯಲ್ಲಿ ಐದು ಶಿಲಿಂಗ್‌ಗೆ ಸಲ್ಲುತ್ತದೆ' ಎಂಬ ಅರ್ಥದ ಮುದ್ರೆ ಒತ್ತಿ ಚಲಾವಣೆಗೆ ಬಿಟ್ಟಿದ್ದರು. ಆ ನಾಣ್ಯಗಳು ಈಗ ಸಂಗ್ರಾಹಕರ ಕೈಯಲ್ಲಿ ಒಳ್ಳೆಯ ಬೆಲೆ ಬಾಳುತ್ತವೆ.

ಈಗ ಸಹಕಾರದ ಮಾತು. ನ್ಯೂ ಲ್ಯಾನಾರ್ಕ್‌ನ ಅಂಗಡಿ ಗಿರಾಕಿಗಳದ್ದಾಗಿರಲಿಲ್ಲ, ಮಾಲೀಕನದ್ದು. ಹಾಗಾಗಿ ಅದು ಸಹಕಾರ ಸಂಘವಲ್ಲ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೇಕಾರರು ಮುಂತಾದವರು ಸೇರಿ ತಾವೇ ಪಾಲು ಹಾಕಿ ಅಂಗಡಿ ತೆರೆದರಲ್ಲ, ಅದು ಸಹಕಾರ. ಅವರಲ್ಲಿ ಓವೆನ್‌ನ ಅನುಯಾಯಿಗಳಿದ್ದರು, ಹಾಗೆ ನಂಟು ಬೆಳೆಯಿತು. ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘಕ್ಕೂ ನ್ಯೂ ಲ್ಯಾನಾರ್ಕ್‌ಗೂ ನೇರ ಬಳ್ಳಿ ಎಳೆಯುವವರಿದ್ದಾರೆ. ಹಾಗೆ ಎಳೆಯುವುದು ಸರಿಯಲ್ಲ. ಕಣಗಿನಹಾಳದ್ದು ರೈತರಿಗೆ ಸಾಲ ಕೊಡುವ ಪತ್ತಿನ ಸಂಘ. ಅದರ ಹಿಂದಿನ 1904ರ ಕಾಯ್ದೆ ನೋಡಿಕೊಂಡದ್ದು ಜರ್ಮನಿಯ ಹಳ್ಳಿಗಳ ಸಾಲ ಸಂಘಗಳ ರೈಫೈಸನ್ ಮಾದರಿಯನ್ನು. ಅಂಗಡಿಯ ಸಹಕಾರದ್ದು ಒಂದು ಕವಲು, ಸಾಲದ ಸಹಕಾರದ್ದು ಇನ್ನೊಂದು.

ಶಾಲೆಯಲ್ಲಿ ಏನು ವಿಶೇಷ?

1816ರ ಜನವರಿ 1ರಂದು ಓವೆನ್ ತೆರೆದ ಕಟ್ಟಡಕ್ಕೆ ಇಟ್ಟ ಹೆಸರು 'ನಡತೆ ರೂಪಿಸುವ ಸಂಸ್ಥೆ'. ನಡೆಯಲು ಕಲಿತ ಕೂಸಿನಿಂದ ಹಿಡಿದು ಅಲ್ಲಿಗೆ ಬಿಡಬಹುದಿತ್ತು, ತಾಯಂದಿರು ನಿಶ್ಚಿಂತೆಯಿಂದ ಗಿರಣಿಗೆ ಹೋಗಬಹುದಿತ್ತು. (ಗಿರಣಿಗೆ ತಾಯಂದಿರು ಬೇಕಿತ್ತು ಎನ್ನುವುದನ್ನೂ ಮರೆಯಬೇಡಿ.) ಅಂಗನವಾಡಿ ಎಂಬ ಕಲ್ಪನೆಗೆ ಇನ್ನೂರು ವರ್ಷದ ಹಿಂದಿನ ರೂಪ. ಪುಟಾಣಿಗಳಿಗೆ ಮೊದಲ ಗುರು ಜೇಮ್ಸ್ ಬ್ಯೂಕ್ಯಾನನ್, ಊರಿನ ಕೈಮಗ್ಗದ ನೇಕಾರ. ಜೊತೆಗೆ 17 ವರ್ಷದ ಮಾಲಿ ಯಂಗ್, ಗಿರಣಿಯ ಹುಡುಗಿ. ಪುಸ್ತಕ ಓದಿಕೊಂಡವರಿಗಿಂತ ಮಕ್ಕಳ ಮೇಲೆ ಅಕ್ಕರೆ ಇದ್ದವರು ಬೇಕು ಎಂಬುದು ಓವೆನ್‌ನ ಆಯ್ಕೆ.

ಹೊಡೆಯುವ ಹಾಗಿಲ್ಲ, ಗದರುವ ಹಾಗಿಲ್ಲ. ಗೋಡೆಗೆ ಪ್ರಾಣಿಗಳ ದೊಡ್ಡ ಚಿತ್ರಗಳು, ಭೂಪಟಗಳು. ಹಾಡು, ಕುಣಿತ, ಹೊರಗೆ ತಿರುಗಾಟ. ಹುಡುಗ ಹುಡುಗಿಯರಿಗೆಲ್ಲ ಬಿಳಿಯ ಸಡಿಲ ಅಂಗಿ. ಓವೆನ್‌ನ ಪಾಲುದಾರರಲ್ಲಿ ಕ್ವೇಕರ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥದ ವಿಲಿಯಂ ಆಲನ್ ಇದ್ದ. ಅವನಿಗೆ ಈ ಕುಣಿತ, ಮೊಣಕಾಲು ಕಾಣುವ ಬಟ್ಟೆ ಯಾವುದೂ ಹಿಡಿಸಲಿಲ್ಲ. ಧರ್ಮಪಾಠ ಕಡಿಮೆಯಾಯಿತು ಎಂಬ ತಕರಾರು ವರ್ಷಗಟ್ಟಲೆ ಕುದಿಯಿತು.

ಅಷ್ಟು ಜನ ನೋಡಲು ಬರುತ್ತಿದ್ದದ್ದು ನಿಜವೇ?

1815ರಿಂದ 1825ರವರೆಗೆ ಭೇಟಿ ಪುಸ್ತಕದಲ್ಲಿ ಸಹಿ ಹಾಕಿದವರೇ ಸುಮಾರು 20,000. ಮುಂದೆ ರಷ್ಯಾದ ಚಕ್ರವರ್ತಿಯಾದ ನಿಕೊಲಸ್ ಕೂಡ ಬಂದಿದ್ದ. ಮಕ್ಕಳು ಅವರೆದುರು ಕುಣಿದರು. ವಾರ ವಾರ ಪರದೇಶದವರ ಎದುರು ಕುಣಿಯುವ ಶಾಲೆಯಲ್ಲಿ ಓದುವುದು ಹೇಗಿತ್ತು ಎಂದು ಆ ಮಕ್ಕಳನ್ನು ಕೇಳಿದವರಿಲ್ಲ.

ಕೆಲಸದವರ ಮನೆಗಳು ಹೇಗಿದ್ದವು?

ನಮ್ಮ ವಠಾರ, ಚಾಳ ನೆನಪಿಸಿಕೊಳ್ಳಿ. ಮೂರು ನಾಲ್ಕು ಅಂತಸ್ತಿನ ಕಲ್ಲಿನ ಕಟ್ಟಡ, ಎಲ್ಲರಿಗೂ ಸೇರಿ ಒಂದು ಮೆಟ್ಟಿಲು, ಒಂದೊಂದು ಸಂಸಾರಕ್ಕೆ ಒಂದು ಕೋಣೆ, ಅನುಕೂಲವಿದ್ದರೆ ಎರಡು. ಊರು ತುಂಬಿದ್ದ ದಿನಗಳಲ್ಲಿ ಇಷ್ಟರಲ್ಲೇ ಸುಮಾರು 2,500 ಜನ ಇದ್ದರು.

ಕೋಣೆಯ ಗೋಡೆಯಲ್ಲಿ ಗೂಡಿನಂತೆ ಒಳಗೆ ಸರಿದ ಮಂಚ, ಮುಂದೆ ಪರದೆ. ಅದರ ಅಡಿಯಲ್ಲಿ ಗಾಲಿ ಇರುವ ಗಿಡ್ಡ ಮಂಚ. ಅದಕ್ಕೆ ಅಲ್ಲಿನವರು 'ಹರ್ಲಿ' ಅನ್ನುತ್ತಿದ್ದರು. ರಾತ್ರಿ ಎಳೆದು ಮಕ್ಕಳನ್ನು ಮಲಗಿಸುವುದು, ಬೆಳಗ್ಗೆ ಒಳಕ್ಕೆ ತಳ್ಳುವುದು. ಒಂದೇ ಒಲೆ, ಅದೇ ಬಿಸಿ, ಅದರಲ್ಲೇ ಅಡುಗೆ, ಅದರ ಮುಂದೆಯೇ ಬಟ್ಟೆ ಒಣಗಿಸುವುದು. ನೀರು ಹೊರಗಿನಿಂದ ಬಕೆಟ್ಟಿನಲ್ಲಿ ಹೊರಬೇಕು, ಕೊಳೆನೀರು ಬಕೆಟ್ಟಿನಲ್ಲೇ ಕೆಳಗಿಳಿಯಬೇಕು. ಹಂಚಿಕೊಳ್ಳುವ ಕಕ್ಕಸು ಹೊರಗೆ, ಆಮೇಲಾಮೇಲೆ ಮೆಟ್ಟಿಲ ತಲೆಯಲ್ಲಿ. ಮನೆಯೊಳಗೆ ತಣ್ಣೀರಿನ ನಲ್ಲಿ ಬಂದದ್ದು 1930ರ ದಶಕದಲ್ಲಿ. ಜಗತ್ತೆಲ್ಲ ಬಂದು ಮೆಚ್ಚಿ ಹೋದ ಆದರ್ಶ ಗ್ರಾಮದಲ್ಲಿ ನಾಲ್ಕೈದು ತಲೆಮಾರಿನ ಹೆಂಗಸರು ನೀರು ಹೊತ್ತರು. ಗಿರಣಿಯ ಚಕ್ರಕ್ಕೆ ನದಿಯನ್ನೇ ತಿರುಗಿಸಿದ ಜಾಣತನ ಅಡುಗೆಮನೆ ತಲುಪಲು ನೂರ ನಲವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಹಾಗಾದರೆ ವಿದ್ಯುತ್?

ಇದು ಮಾತ್ರ ಬೇಗ ಬಂತು. 1898ರಲ್ಲೇ ಗಿರಣಿಯ ಸ್ವಂತ ಜಲವಿದ್ಯುತ್ತಿನಿಂದ ಮನೆಗಳಿಗೆ ದೀಪ. ಕೋಣೆಗೆ ಒಂದೇ ಬಲ್ಬು. ರಾತ್ರಿ ಹತ್ತಕ್ಕೆ ಗಿರಣಿಯವರೇ ಆರಿಸಿಬಿಡುತ್ತಿದ್ದರು, ಶನಿವಾರ ಮಾತ್ರ ಹನ್ನೊಂದರವರೆಗೆ ಕೃಪೆ. ದೇಶದ ವಿದ್ಯುತ್ ಜಾಲಕ್ಕೆ ಊರು ಸೇರಿದ್ದು 1955ರಲ್ಲಿ. ಓವೆನ್ ಹೋಗಿ ಎಷ್ಟೋ ಕಾಲವಾಗಿದ್ದರೂ ಊರಿನವರು ಯಾವಾಗ ಮಲಗಬೇಕು ಎಂಬುದನ್ನು ಗಿರಣಿಯೇ ಹೇಳುತ್ತಿತ್ತು.

ಓವೆನ್ ಯಾಕೆ ಬಿಟ್ಟು ಹೋದ?

ಪಾಲುದಾರರ ಜೊತೆ ಜಗಳ, ಮತ್ತು ಇನ್ನೂ ದೊಡ್ಡ ಕನಸು. ಪಾಲುದಾರರ ಕಾಟ ಹೊಸದಲ್ಲ: 1813ರಲ್ಲಿ ಗಿರಣಿ ಹರಾಜಿಗೇ ಬಂದಿತ್ತು. ಆಗ ತತ್ವಜ್ಞಾನಿ ಜೆರೆಮಿ ಬೆಂಥಮ್ ಸೇರಿದಂತೆ ಹೊಸಬರನ್ನು ಕಟ್ಟಿಕೊಂಡು 1,14,100 ಪೌಂಡಿಗೆ ಉಳಿಸಿಕೊಂಡಿದ್ದ. 1825ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ನ್ಯೂ ಹಾರ್ಮನಿ ಎಂಬ ಊರನ್ನೇ ಕೊಂಡು ಸಮಾನತೆಯ ಸಮಾಜ ಕಟ್ಟಲು ಹೋದ. ಎರಡು ಮೂರು ವರ್ಷದಲ್ಲಿ ಅದು ಮಗುಚಿತು.

ಅವನ ನಂತರ ಗಿರಣಿ ಮುಚ್ಚಿತೇ?

ಇನ್ನೂ 143 ವರ್ಷ ನಡೆಯಿತು! ಪ್ರವಾಸಿ ಪುಸ್ತಕಗಳು ಇಲ್ಲಿ ಎರಡೇ ಸಾಲಿನಲ್ಲಿ ಮುಗಿಸಿಬಿಡುತ್ತವೆ.

1825ರಿಂದ ವಾಕರ್ ಮನೆತನದವರು ನಡೆಸಿದರು. ಅಬ್ಬರವಿಲ್ಲ, ಹೊಸ ಸಿದ್ಧಾಂತವಿಲ್ಲ, ನೂಲು ತೆಗೆದು ಮಾರಿದರು. 1881ರಲ್ಲಿ ಬರ್ಕ್‌ಮಯರ್ ಮತ್ತು ಸಾಮರ್ವಿಲ್ ಕೈಗೆ ಬಂತು, ಮುಂದೆ ಅದು ಗೂರಕ್ ಹಗ್ಗದ ಕಂಪನಿಯ ಭಾಗವಾಯಿತು. ಅಲ್ಲಿಂದ ಸರಕೇ ಬದಲಾಯಿತು: ಮೀನುಗಾರರ ಬಲೆ, ಹಡಗಿನ ಹಾಯಿಗೆ ಕ್ಯಾನ್ವಾಸ್, ಗುಡಾರದ ಬಟ್ಟೆ, ಸರ್ಕಸ್ ಡೇರೆ ಕೂಡ. ಹೊಸ ಯಂತ್ರಗಳಿಗೆ ಜಾಗ ಸಾಲದೆ ಎರಡನೇ ಗಿರಣಿಯನ್ನು 1880ರ ದಶಕದಲ್ಲಿ ಅಗಲ ಮಾಡಿದಾಗ ಕಲ್ಲಿನ ಬದಲು ಇಟ್ಟಿಗೆ ಬಳಸಿದರು. ನೋಡಿದೊಡನೆ ಗೊತ್ತಾಗುತ್ತದೆ.

ಹಳೆಯ ಫೋಟೋಗಳಲ್ಲಿ ಕಾಣುವ ಊರು ಈ ಕಾಲದ್ದೇ: ಅಂಗಡಿಯ ಮುಂದೆ ಏಪ್ರನ್ ಕಟ್ಟಿದ ಹೆಂಗಸರು, ನಾಲೆಯ ಪಕ್ಕ ಹುಡುಗರು. 1968ರಲ್ಲಿ ಗಿರಣಿ ನಿಂತಿತು.

ಊರು ಪಾಳು ಬಿದ್ದಿತ್ತು ಅನ್ನುತ್ತಾರಲ್ಲ?

ಹೆಚ್ಚು ಕಡಿಮೆ. ಕೆಲಸ ಹೋದ ಮೇಲೆ ಜನ ಹೋದರು. ಗಿರಣಿ ಕಟ್ಟಡಗಳು ಹಳೆಯ ಲೋಹದ ವ್ಯಾಪಾರದ ಕಂಪನಿಯೊಂದಕ್ಕೆ ಮಾರಾಟವಾದವು, ಅಂಗಳದಲ್ಲಿ ಗುಜರಿ ರಾಶಿ ಬಿತ್ತು. ಮನೆಗಳನ್ನು ಉಳಿಸಲು 1963ರಲ್ಲೇ ಒಂದು ಸಂಘ ಶುರುವಾಗಿತ್ತು, ಕೇತ್‌ನೆಸ್ ರೋ ಮೊದಲು ದುರಸ್ತಿಯಾಯಿತು. 1974ರಲ್ಲಿ ಸಂರಕ್ಷಣಾ ಟ್ರಸ್ಟ್ ಬಂತು. 1983ರಲ್ಲಿ ಕಡ್ಡಾಯ ಖರೀದಿಯ ಆದೇಶದ ಮೂಲಕ ಗಿರಣಿಗಳು ಗುಜರಿಯಿಂದ ಪಾರಾದವು. 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿ ದುಡಿದವರ ಹೆಸರು, ವಿವರ ಎಲ್ಲಿ ಸಿಗುತ್ತದೆ?

1841ರಿಂದ ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಯಲ್ಲಿ ಮನೆ ಮನೆಯ ಹೆಸರು, ವಯಸ್ಸು, ಕಸುಬು ಇದೆ. ನೂರು ವರ್ಷ ಕಳೆದ ಪುಟಗಳನ್ನು ಯಾರೂ ನೋಡಬಹುದು. ಅದಕ್ಕೂ ಹಿಂದಿನವರಿಗೆ ಚರ್ಚಿನ ಜನನ, ಮದುವೆಯ ದಾಖಲೆಗಳೇ ಗತಿ. ಗೂರಕ್ ಕಂಪನಿಯ ಲೆಕ್ಕಪುಸ್ತಕಗಳು, ಓವೆನ್ ಕಾಲದ ಭೇಟಿ ಪುಸ್ತಕಗಳು ಗ್ಲ್ಯಾಸ್ಗೋ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ನೋಡಲು ಬಂದವರ ಹೆಸರು ಅವರವರದೇ ಕೈಬರಹದಲ್ಲಿ ಉಳಿದಿದೆ. ದುಡಿದವರ ಹೆಸರು ಸಿಕ್ಕರೂ ಗುಮಾಸ್ತನ ಕೈಬರಹದಲ್ಲಿ ಸಿಗುತ್ತದೆ.

ನಮ್ಮಲ್ಲಿ ಇಂಥ ಊರು ಇದೆಯೇ?

ಗೋಕಾಕ ಫಾಲ್ಸ್. ಘಟಪ್ರಭೆ ಧುಮುಕುವ ಕಡೆ 1880ರ ದಶಕದಲ್ಲಿ ಅದೇ ಲೆಕ್ಕಾಚಾರದಲ್ಲಿ ಎದ್ದ ನೂಲಿನ ಗಿರಣಿ, ಸುತ್ತ ಕಾರ್ಮಿಕರ ಮನೆಗಳು. ಅದರ ಹಿಂದಿದ್ದದ್ದು ಮುಂಬಯಿಯ ಫಾರ್ಬ್ಸ್ ವ್ಯಾಪಾರ ಸಂಸ್ಥೆ, ಅದರ ಮೂಲಪುರುಷ ಜಾನ್ ಫಾರ್ಬ್ಸ್ ಸ್ಕಾಟ್ಲೆಂಡಿನ ಅಬರ್ಡೀನ್‌ಶೈರ್‌ನವನು. ನ್ಯೂ ಲ್ಯಾನಾರ್ಕ್ ನೋಡಿ ಗೋಕಾಕ ಕಟ್ಟಿದರು ಎಂದೇನೂ ಅಲ್ಲ. ಬೀಳುವ ನೀರು ಕಂಡಾಗ ನೂಲುವವರ ತಲೆ ಎರಡೂ ಕಡೆ ಒಂದೇ ರೀತಿ ಓಡಿತು. ಗೋಕಾಕದಲ್ಲಿ ತೂಗುಸೇತುವೆ ದಾಟಿದವರಿಗೆ ಕೋರಾ ಲಿನ್ ಎದುರು ನಿಂತಾಗ ಏನೋ ಗುರುತು ಸಿಕ್ಕಿದ ಹಾಗೆ ಆಗುತ್ತದೆ.

ಹೋದರೆ ಎಷ್ಟು ಹೊತ್ತು ಬೇಕು, ಏನು ನೋಡಬೇಕು?

ಗ್ಲ್ಯಾಸ್ಗೋ ಸೆಂಟ್ರಲ್‌ನಿಂದ ಲ್ಯಾನಾರ್ಕ್‌ಗೆ ರೈಲಿನಲ್ಲಿ ಒಂದು ಗಂಟೆ. ಅಲ್ಲಿಂದ ಇಳಿಯುವುದು ಸುಲಭ, ಹತ್ತುವಾಗ ಮಂಡಿನೋವಿನವರು ಬಸ್ಸು ನೋಡಿಕೊಳ್ಳಿ. ಪೂರ್ತಿ ಒಂದು ದಿನ ಇಟ್ಟುಕೊಳ್ಳಿ. ಹೆಚ್ಚಿನವರು ಓವೆನ್‌ನ ಮನೆ ಮತ್ತು ಶಾಲೆ ನೋಡಿ ಐಸ್‌ಕ್ರೀಮ್ ತಿಂದು ಹೊರಡುತ್ತಾರೆ. ಮೊದಲು ಗಿರಣಿ ಕೆಲಸದವರ ಮನೆಗೆ ಹೋಗಿ, ಆ ಗೂಡಿನ ಮಂಚದ ಎದುರು ಒಂದು ನಿಮಿಷ ನಿಂತು, ಆಮೇಲೆ ಮಾಲೀಕನ ಮನೆಗೆ ಹೋಗಿ. ಕ್ರಮ ಬದಲಿಸಿದರೆ ಕಾಣುವುದೂ ಬದಲಾಗುತ್ತದೆ. ನದಿಯ ಗುಂಟ ಕಾಡಿನ ದಾರಿಯಲ್ಲಿ ನಡೆದರೆ ಜಲಪಾತಗಳು. ಮೇಲೆ ವಿದ್ಯುತ್ ಕೇಂದ್ರ ನೀರು ಎಳೆದುಕೊಳ್ಳುವುದರಿಂದ ಮಳೆ ಬಂದ ಮರುದಿನ ಹೋದರೆ ಚೆನ್ನ.

ಈಗ ಅಲ್ಲಿ ಯಾರು ಇದ್ದಾರೆ? ಯಾವ ಉದ್ಯೋಗ ಉಳಿದಿದೆ?

ನೂರ ಚಿಲ್ಲರೆ ಜನ ಅದೇ ವಠಾರಗಳಲ್ಲಿ ಸಂಸಾರ ಮಾಡಿಕೊಂಡಿದ್ದಾರೆ. ಕಿಟಕಿಯೊಳಗೆ ಇಣುಕಬೇಡಿ, ಅವು ಪ್ರದರ್ಶನದ ಮನೆಗಳಲ್ಲ. ಮೊದಲನೇ ಗಿರಣಿ ಹೋಟೆಲ್ ಆಗಿದೆ. ನೀರು ಹಳೆಯ ನಾಲೆಯಲ್ಲೇ ಹರಿದು ಟರ್ಬೈನ್ ತಿರುಗಿಸುತ್ತದೆ. ಮೂರನೇ ಗಿರಣಿಯಲ್ಲಿ 19ನೇ ಶತಮಾನದ ಒಂದು ನೂಲುವ ಯಂತ್ರವಿದೆ, ಗಾಲಿಗಳ ಮೇಲೆ ಮುಂದಕ್ಕೆ ಬಂದು ಎಳೆ ಎಳೆದು, ಹಿಂದಕ್ಕೆ ಸರಿದು ಸುತ್ತಿಕೊಳ್ಳುವಂಥದ್ದು. ಅದರಲ್ಲಿ ಈಗ ಹತ್ತಿಯ ಬದಲು ಉಣ್ಣೆ ನೂಲುತ್ತಾರೆ. ಲಡಿ ಕೊಂಡು ತಂದು ಸ್ವೆಟರ್ ಹೆಣೆಯಬಹುದು. ನನ್ನ ಅತ್ತೆ ಬಂದಾಗ ಎರಡು ಕೊಂಡರು, ಒಂದರಲ್ಲಿ ಮೊಮ್ಮಗನ ಟೋಪಿ ಆಯಿತು, ಇನ್ನೊಂದು ಇನ್ನೂ ಬೀರುವಿನಲ್ಲಿದೆ.